ಹೋಮಿಯೋಪತಿ ಗುಳಿಗೆ ಕೊಡಿ, ಖಿನ್ನತೆಯ ಮಾತ್ರೆ ಬಿಡಿಸಬೇಡಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಆಯುಷ್ ಇಲಾಖೆಯ ಆಯುಕ್ತರಿಗೆ,
ಹಾಗೂ ರಾಜ್ಯದ ಹೋಮಿಯೋಪತಿ ವೈದ್ಯರೆಲ್ಲರಿಗೆ,

ನಮಸ್ಕಾರ.

ನಾನು ಒಂದು ತಾಲ್ಲೂಕು ಕೇಂದ್ರದಲ್ಲಿ ಮೆಡಿಕಲ್ ಶಾಪ್ ನಡೆಸುವವನು. ಡಿ.ಫಾರ್ಮಾ ಓದಿದ್ದೇನೆ, ಡಾಕ್ಟರ್ ಅಲ್ಲ. ಆದರೆ ಯಾರು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಯಾವಾಗ ಬಿಟ್ಟರು ಅನ್ನುವುದು ಎಷ್ಟೋ ಸಲ ಡಾಕ್ಟರಿಗಿಂತ ಮೊದಲು ಗೊತ್ತಾಗುವುದು ನಮ್ಮಂಥವರಿಗೆ. ಬಿ.ಪಿ., ಶುಗರ್ ಮಾತ್ರೆಯವರು ತಿಂಗಳು ತಿಂಗಳು ತಪ್ಪದೆ ಬರುತ್ತಾರೆ. ಖಿನ್ನತೆಯ ಮಾತ್ರೆಯವರು ಹಾಗಲ್ಲ. ಹತ್ತು ಮಾತ್ರೆಯ ಒಂದು ಸ್ಟ್ರಿಪ್, ಜಾಸ್ತಿ ಅಂದರೆ ಎರಡು. ಆಮೇಲೆ ಕಾಣಿಸುವುದೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲೋ ಸಿಕ್ಕಾಗ ವಿಚಾರಿಸಿದರೆ, "ಹೋಮಿಯೋಪತಿ ಶುರು ಮಾಡಿದ್ದೀವಿ, ಇಂಗ್ಲಿಷ್ ಮಾತ್ರೆ ಬಿಟ್ಟುಬಿಟ್ವಿ" ಅನ್ನುವ ಮಾತು ಮತ್ತೆ ಮತ್ತೆ ಕೇಳಿಸುತ್ತದೆ.

ಹೋಮಿಯೋಪತಿ ಆಸ್ಪತ್ರೆಗಳನ್ನು ಮುಚ್ಚಿಸಿ ಎಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ನಮ್ಮ ನಾಡಿನಲ್ಲಿ ಅದು ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಫಾದರ್ ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದದ್ದು 1880ರಲ್ಲಿ. ತಲೆಮಾರುಗಳಿಂದ ಅದನ್ನೇ ನಂಬಿಕೊಂಡು ಬಂದ ಮನೆಗಳು ಎಷ್ಟೋ ಇವೆ. ನಾನು ಕೇಳುವುದು ಇಷ್ಟು: ಖಿನ್ನತೆಗೆ ಹೋಮಿಯೋಪತಿ ಕೊಡುವುದಾದರೆ ಅದು ಮುಖ್ಯ ಚಿಕಿತ್ಸೆಯ ಜೊತೆಗೆ ಇರಲಿ. ಆಗಲೇ ನಡೆಯುತ್ತಿರುವ ಮಾತ್ರೆಯನ್ನು ಬಿಡಿಸುವ ಕೆಲಸ ಅಲ್ಲಿ ಆಗಬಾರದು. ಇದನ್ನು ಸರ್ಕಾರ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಸುತ್ತೋಲೆಯಾಗಿ ಬರವಣಿಗೆಯಲ್ಲಿ ಹೇಳಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅನ್ನುವುದಕ್ಕೆ ಒಬ್ಬರ ವಿಷಯ ಹೇಳಬೇಕು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಹೆಸರು ಬೇಡ. ಅವರು ಅಂಗನವಾಡಿ ಕಾರ್ಯಕರ್ತೆ. ತಿಂಗಳುಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಮಕ್ಕಳ ಗಲಾಟೆ ಕೇಳಿದರೆ ಅಳು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರಿಗೆ ತೋರಿಸಿದರು. ಎಸ್ಸಿಟಲೋಪ್ರಾಂ ಬರೆದುಕೊಟ್ಟಿದ್ದರು. ಆ ಚೀಟಿ ಹಿಡಿದುಕೊಂಡು ನನ್ನ ಕೌಂಟರಿನ ಮುಂದೆ ತುಂಬ ಹೊತ್ತು ನಿಂತಿದ್ದರು. ಬೇರೆ ಗಿರಾಕಿಗಳೆಲ್ಲ ಹೋದ ಮೇಲೆ ಮೆಲ್ಲಗೆ ಕೇಳಿದರು: "ಅಣ್ಣ, ಇದು ತಗೊಂಡ್ರೆ ಅಭ್ಯಾಸ ಆಗಿಬಿಡುತ್ತಂತಲ್ಲ? ಆಮೇಲೆ ಜೀವನಪೂರ್ತಿ ಬಿಡೋಕಾಗಲ್ವಂತೆ?"

ಈ ಪ್ರಶ್ನೆ ನನಗೆ ಹೊಸದಲ್ಲ. ಖಿನ್ನತೆಯ ಮಾತ್ರೆ ಅಂದರೆ ನಿದ್ದೆ ಮಾತ್ರೆ ಅಂತಲೇ ಜನ ತಿಳಿದಿದ್ದಾರೆ. ಆಲ್ಪ್ರಜೋಲಾಂ ತರಹದ ಮಾತ್ರೆಗೆ ಚಟ ಹತ್ತುವುದು ನಿಜ. ಅದಕ್ಕೇ ಅದು ಕಟ್ಟುನಿಟ್ಟಾಗಿ ಮಾರಬೇಕಾದ ಔಷಧಗಳ ಎಚ್1 ಪಟ್ಟಿಯಲ್ಲಿದೆ, ಪ್ರತಿ ಮಾರಾಟವನ್ನೂ ನಾವು ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು. ಎಸ್ಸಿಟಲೋಪ್ರಾಂ, ಸರ್ಟ್ರಲೀನ್, ಫ್ಲೂಆಕ್ಸೆಟಿನ್ ಬೇರೆಯದೇ ಗುಂಪು. ಇವುಗಳಿಗಾಗಿ ಹಂಬಲಿಸಿ ದಿನದಿನಕ್ಕೆ ಡೋಸ್ ಏರಿಸಿಕೊಂಡು ಹೋಗುವ ಚಟ ಬರುವುದಿಲ್ಲ. ಆದರೆ ಇವುಗಳಲ್ಲಿ ಎರಡು ಗುಣ ಇವೆ, ಅವನ್ನು ಯಾರೂ ಕೂತು ವಿವರಿಸಿ ಹೇಳುವುದಿಲ್ಲ. ಮೊದಲನೆಯದು, ಕಷ್ಟ ಮೊದಲು, ಸುಖ ಆಮೇಲೆ. ಮೊದಲ ವಾರ ಹೊಟ್ಟೆ ತೊಳಸುತ್ತದೆ, ತಲೆ ನೋಯುತ್ತದೆ, ಚಡಪಡಿಕೆ ಆಗುತ್ತದೆ. ಮನಸ್ಸು ಹಗುರಾಗುವುದಕ್ಕೆ ಎರಡು ವಾರವಾದರೂ ಬೇಕು, ಕೆಲವರಿಗೆ ಐದಾರು ವಾರ. ಹತ್ತು ಮಾತ್ರೆಯ ಸ್ಟ್ರಿಪ್ ಮುಗಿಯುವುದು ಸರಿಯಾಗಿ ಆ ಕಷ್ಟದ ನಡುವೆ. ಎರಡನೆಯದು, ದಿಢೀರ್ ಅಂತ ನಿಲ್ಲಿಸಬಾರದು. ಗುಣ ಕಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಇದನ್ನೆಲ್ಲ ಹೇಳಿ ಕಳಿಸಿದೆ. ಮೂರನೇ ವಾರಕ್ಕೆ ಅವರು ಬಂದಾಗ ಮುಖದಲ್ಲಿ ಸ್ವಲ್ಪ ಕಳೆ ಇತ್ತು. ರಾತ್ರಿ ನಾಲ್ಕೈದು ಗಂಟೆ ನಿದ್ದೆ ಬರುತ್ತಿದೆ ಅಂದರು. ಆಮೇಲೆ ಬರಲಿಲ್ಲ.

ಸಂಬಂಧಿಕರೊಬ್ಬರು ಅವರನ್ನು ಜಿಲ್ಲಾ ಕೇಂದ್ರದ ಒಂದು ಹೋಮಿಯೋಪತಿ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಗುಳಿಗೆ ಕೊಟ್ಟರು, ಕಾಫಿ ಬೇಡ, ಹಸಿ ಈರುಳ್ಳಿ ಬೇಡ ಅಂದರು, ಜೊತೆಗೆ "ಆ ಮಾತ್ರೆ ಇವತ್ತಿಂದಲೇ ನಿಲ್ಲಿಸಿ, ಅದರಿಂದಲೇ ಸೈಡ್ ಎಫೆಕ್ಟ್" ಅಂದರು. ನಾಲ್ಕೈದು ದಿನಕ್ಕೆ ತಲೆಸುತ್ತು ಶುರುವಾಯಿತು. ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ ಅನ್ನುವುದು, ಸುಮ್ಸುಮ್ನೆ ಸಿಟ್ಟು, ತಡೆಯಲಾರದ ಅಳು. ಇದು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಆಗುವ ತೊಂದರೆ ಅಂತ ಯಾವ ಫಾರ್ಮಸಿ ಪುಸ್ತಕ ತೆರೆದರೂ ಸಿಗುತ್ತದೆ. ಕ್ಲಿನಿಕ್‌ಗೆ ಫೋನ್ ಮಾಡಿದರೆ ಬಂದ ಉತ್ತರ: "ಒಳ್ಳೇದೇ ಆಯ್ತು. ಒಳಗಿನ ರೋಗ ಹೊರಗೆ ಬರ್ತಿದೆ. ಗುಳಿಗೆ ಕೆಲಸ ಮಾಡ್ತಿದೆ ಅಂತ ಅರ್ಥ."

ಹೋಮಿಯೋಪತಿ ವೈದ್ಯರೇ, ಇಲ್ಲಿ ಸ್ವಲ್ಪ ನಿಲ್ಲಿ. ಗುಣ ಆಗುವ ಮೊದಲು ರೋಗ ಒಂದಷ್ಟು ಉಲ್ಬಣ ಆಗುತ್ತದೆ ಅನ್ನುವುದು ನಿಮ್ಮ ಪದ್ಧತಿಯ ನಂಬಿಕೆ. ಬೇರೆ ಕಾಯಿಲೆಯಲ್ಲಿ ಆ ನಂಬಿಕೆಯಿಂದ ದೊಡ್ಡ ಅನಾಹುತ ಆಗದೆ ಇರಬಹುದು. ಆದರೆ ಖಿನ್ನತೆಯ ಮಾತ್ರೆ ನಿಲ್ಲಿಸಿದ ಮನುಷ್ಯನಿಗೆ ಸಂಕಟ ಜಾಸ್ತಿ ಆದಾಗ ಅದನ್ನು ಗುಣದ ಲಕ್ಷಣ ಎಂದು ಕರೆದರೆ ಏನಾಗುತ್ತದೆ? ಆ ಮನುಷ್ಯ ಸಹಾಯ ಕೇಳುವುದನ್ನೇ ನಿಲ್ಲಿಸುತ್ತಾನೆ. ಮನೆಯವರು ಕಾಯುತ್ತಾರೆ. ಆ ಅಂಗನವಾಡಿ ಕಾರ್ಯಕರ್ತೆಯ ಗಂಡ ಕಾಯಲಿಲ್ಲ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಓಡಿ ಬಂದರು. "ಅವಳು ಬದುಕಿ ಏನು ಪ್ರಯೋಜನ ಅಂತಿದ್ದಾಳೆ" ಅಂದರು. ಅವತ್ತೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಾತ್ರೆ ಮತ್ತೆ ಶುರುವಾಯಿತು. ಇವತ್ತು ಅವರು ಕೆಲಸಕ್ಕೆ ಹೋಗುತ್ತಿದ್ದಾರೆ.

ಜನ ಹೋಮಿಯೋಪತಿ ಕಡೆ ಯಾಕೆ ಹೋಗುತ್ತಾರೆ ಅನ್ನುವುದನ್ನೂ ಹೇಳಬೇಕು. ಹೇಳದಿದ್ದರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ. ನಮ್ಮ ಸರ್ಕಾರಿ ಓ.ಪಿ.ಡಿ.ಯಲ್ಲಿ ಒಬ್ಬ ರೋಗಿಗೆ ಸಿಗುವ ಸಮಯ ಎಷ್ಟು? ಎರಡು ನಿಮಿಷ, ಮೂರು ನಿಮಿಷ. ಹಿಂದಿನವನ ಮೊಣಕೈ ಬೆನ್ನಿಗೆ ತಾಗುತ್ತಿರುತ್ತದೆ. ಅಷ್ಟರಲ್ಲಿ ಯಾರು ತಾನೇ ಮನಸ್ಸು ಬಿಚ್ಚಿ ಮಾತಾಡುತ್ತಾರೆ? ಅದೇ ಒಳ್ಳೆಯ ಹೋಮಿಯೋಪತಿ ವೈದ್ಯರ ಹತ್ತಿರ ಮೊದಲ ಸಲ ಹೋದರೆ ಒಂದು ಗಂಟೆ ಕೂರಿಸಿಕೊಳ್ಳುತ್ತಾರೆ. ಎಂಥ ಕನಸು ಬೀಳುತ್ತದೆ, ಬಾಯಾರಿಕೆ ಎಷ್ಟು, ಉಪ್ಪು ಇಷ್ಟವೋ ಸಿಹಿ ಇಷ್ಟವೋ, ಅತ್ತಾಗ ಯಾರಾದರೂ ಸಮಾಧಾನ ಮಾಡಿದರೆ ಹಿತವೋ ಸಿಟ್ಟೋ, ಚಿಕ್ಕವರಿದ್ದಾಗ ಯಾರನ್ನಾದರೂ ಕಳೆದುಕೊಂಡಿರಾ. ಎಷ್ಟೋ ಹೆಂಗಸರಿಗೆ ಈ ಪ್ರಶ್ನೆಗಳನ್ನು ಜೀವನದಲ್ಲಿ ಯಾರೂ ಕೇಳಿರುವುದೇ ಇಲ್ಲ. ಕೇಳಿದ ಕೂಡಲೇ ಅರ್ಧ ಭಾರ ಇಳಿದ ಹಾಗಾಗುತ್ತದೆ.

ಆ ಹಗುರ ನಿಜವಾದದ್ದು. ಅದು ಎಲ್ಲಿಂದ ಬರುತ್ತದೆ ಅನ್ನುವುದನ್ನು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಖಿನ್ನತೆಯ ಮೇಲಲ್ಲ, ರುಮಟಾಯ್ಡ್ ಸಂಧಿವಾತ ಇದ್ದ 83 ರೋಗಿಗಳ ಮೇಲೆ. ಅವರೆಲ್ಲ ತಮ್ಮ ಮಾಮೂಲಿ ಚಿಕಿತ್ಸೆಯಲ್ಲೇ ಇದ್ದರು. ಕೆಲವರಿಗೆ ಹೋಮಿಯೋಪತಿ ವೈದ್ಯರ ಜೊತೆ ದೀರ್ಘ ಮಾತುಕತೆ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಕೆಲವರಿಗೆ ನಿಜವಾದ ಗುಳಿಗೆ, ಕೆಲವರಿಗೆ ಔಷಧವಿಲ್ಲದ ಖಾಲಿ ಗುಳಿಗೆ. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಾತುಕತೆ ಸಿಕ್ಕವರಿಗೆ ಪ್ರಯೋಜನ ಆಗಿತ್ತು. ಗುಳಿಗೆ ನಿಜದ್ದೋ ಖಾಲಿಯೋ ಅನ್ನುವುದರಿಂದ ಏನೂ ವ್ಯತ್ಯಾಸ ಆಗಿರಲಿಲ್ಲ.

ಖಿನ್ನತೆಯ ವಿಷಯದಲ್ಲೇ ನಡೆದ ಪ್ರಯೋಗಗಳೂ ಇವೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮಾಮೂಲಿ ಚಿಕಿತ್ಸೆಯ ಜೊತೆಗೆ ಹೋಮಿಯೋಪತಿ ವೈದ್ಯರನ್ನು ಕಾಣುವ ಅವಕಾಶ ಕೊಟ್ಟು ನೋಡಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅವಕಾಶ ಸಿಕ್ಕವರ ಸ್ಥಿತಿ ಸ್ವಲ್ಪ ಉತ್ತಮವಾಗಿತ್ತು. ಆದರೆ ಅಲ್ಲಿ ಖಾಲಿ ಗುಳಿಗೆಯ ಗುಂಪು ಇರಲಿಲ್ಲ. ಹಾಗಾಗಿ ಗುಣ ಕೊಟ್ಟದ್ದು ಗುಳಿಗೆಯೋ ಮಾತೋ ಅಂತ ಹೇಳಲಾಗದು. ಬರ್ಲಿನ್‌ನಲ್ಲಿ 228 ಜನರ ಮೇಲೆ ಸರಿಯಾದ ಪ್ರಯೋಗ ಮಾಡಲು ಹೊರಟರು. ಸೇರಿದವರು 44 ಜನ ಮಾತ್ರ, ಅಷ್ಟರಲ್ಲಿ ಏನೂ ತೀರ್ಮಾನಿಸಲು ಬರಲಿಲ್ಲ. ಮೆಕ್ಸಿಕೋದಲ್ಲಿ ಮುಟ್ಟು ನಿಲ್ಲುವ ವಯಸ್ಸಿನ 133 ಹೆಂಗಸರ ಮೇಲೆ ನಡೆದ ಪ್ರಯೋಗದಲ್ಲಿ ಒಂದು ಅಳತೆಗೋಲಿನ ಪ್ರಕಾರ ಹೋಮಿಯೋಪತಿ ಖಾಲಿ ಗುಳಿಗೆಗಿಂತ ಮೇಲಿತ್ತು, ಇನ್ನೊಂದರ ಪ್ರಕಾರ ವ್ಯತ್ಯಾಸ ಇರಲಿಲ್ಲ. ಆರು ವಾರದ ಚಿಕ್ಕ ಅಧ್ಯಯನ ಅದು. ಅದಷ್ಟನ್ನೇ ನಂಬಿಕೊಂಡು ಒಬ್ಬರ ಮಾತ್ರೆ ಬಿಡಿಸಲು ಬರುತ್ತದೆಯೇ? ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 176 ಅಧ್ಯಯನಗಳನ್ನು ಜಾಲಾಡಿ 2015ರಲ್ಲಿ ಹೇಳಿದ್ದೇನೆಂದರೆ, ಹೋಮಿಯೋಪತಿಯಿಂದ ಗುಣವಾಗುತ್ತದೆ ಎನ್ನಲು ನಂಬಬಹುದಾದ ಪುರಾವೆ ಇರುವ ಕಾಯಿಲೆ ಒಂದೂ ಇಲ್ಲ.

ಇಂಗ್ಲಿಷ್ ಮಾತ್ರೆಯನ್ನೂ ನಾನು ಆಕಾಶಕ್ಕೆ ಏರಿಸುವುದಿಲ್ಲ. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 522 ಪ್ರಯೋಗಗಳನ್ನು, ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ವಿವರವನ್ನು ಒಟ್ಟಿಗೆ ನೋಡಿತು. 21 ಮಾತ್ರೆಗಳಲ್ಲಿ 21ಕ್ಕೆ 21 ಕೂಡ ಖಾಲಿ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿದ್ದವು. ಪವಾಡದಷ್ಟಲ್ಲ, ಆದರೂ ಸ್ಪಷ್ಟವಾಗಿ. ಎಲ್ಲರಿಗೂ ಮೊದಲ ಮಾತ್ರೆಯೇ ಹೊಂದುವುದಿಲ್ಲ. ಕೆಲವರಿಗೆ ಬದಲಾಯಿಸಬೇಕಾಗುತ್ತದೆ. ಕಾಯಿಲೆ ಅಷ್ಟೇನೂ ಜೋರಿಲ್ಲದಿದ್ದರೆ ಮಾತ್ರೆಯೇ ಬೇಡ, ಆಪ್ತಸಮಾಲೋಚನೆ ಸಾಕಾಗಬಹುದು. ಆದರೆ ಬೇಕೋ ಬೇಡವೋ ಅಂತ ಹೇಳಬೇಕಾದವರು ಅದನ್ನು ಬರೆದುಕೊಟ್ಟ ವೈದ್ಯರು.

ಗುಳಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಡುಗೆ ಉಪ್ಪಿನಿಂದ ನೇಟ್ರಂ ಮ್ಯೂರ್, ಚಿನ್ನದಿಂದ ಆರಂ, ಕಾಸರಕದ ಜಾತಿಯ ಬೀಜದಿಂದ ಇಗ್ನೇಷಿಯಾ. ಒಂದು ಪಾಲಿಗೆ ನೀರು, ಸ್ಪಿರಿಟ್ಟಿನಂಥದ್ದನ್ನು 99 ಪಾಲು ಬೆರೆಸಿ, ಮತ್ತೆ ಅದರ ಒಂದು ಪಾಲಿಗೆ 99 ಪಾಲು ಬೆರೆಸಿ, ಹೀಗೆ ಮೂವತ್ತು ಸಲ ಮಾಡಿದರೆ 30ಸಿ. ಹನ್ನೆರಡನೆಯ ಸಲ ದಾಟುವ ಹೊತ್ತಿಗೇ ಮೂಲ ವಸ್ತುವಿನ ಒಂದು ಅಣುವಾದರೂ ಉಳಿದಿರುವುದು ಅನುಮಾನ. ಹಾಗಾಗಿ 30, 200 ಎಂದು ಬರೆದ ಗುಳಿಗೆಯನ್ನು ಎಸ್ಸಿಟಲೋಪ್ರಾಂ ಜೊತೆ ತೆಗೆದುಕೊಂಡರೆ ಒಂದಕ್ಕೊಂದು ತಿಕ್ಕಾಟ ಆಗುವ ಭಯ ಇಲ್ಲ. ಗಿರಾಕಿಗಳು ಕೇಳಿದಾಗ ನಾನು ಹೇಳುವುದೂ ಅದನ್ನೇ: "ಗುಳಿಗೆ ಬೇಕಾದರೆ ತಗೊಳ್ಳಿ. ಮಾತ್ರೆ ಮಾತ್ರ ಬಿಡಬೇಡಿ."

ಆದರೆ ಮದರ್ ಟಿಂಕ್ಚರ್ ಹಾಗಲ್ಲ. ಅದು ಗಿಡದ ನಿಜವಾದ ಸಾರ. ಹೈಪರಿಕಂ, ಅಂದರೆ ಸೇಂಟ್ ಜಾನ್ಸ್ ವರ್ಟ್ ಗಿಡದ ಸಾರವನ್ನು ಖಿನ್ನತೆಯ ಮಾತ್ರೆಯ ಜೊತೆ ಸೇವಿಸಿದರೆ ಮೈಯಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಮಿತಿಮೀರಬಹುದು. ನಡುಕ, ಜ್ವರ, ಬೆವರು, ಗಲಿಬಿಲಿ, ಜೋರಾದರೆ ಜೀವಕ್ಕೇ ಅಪಾಯ. ಅದೇ ಗಿಡ ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನೂ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಶಕ್ತಿಯನ್ನೂ ಕುಗ್ಗಿಸುತ್ತದೆ. "ಹೋಮಿಯೋಪತಿಗೆ ಸೈಡ್ ಎಫೆಕ್ಟೇ ಇಲ್ಲ" ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ರೋಗಿ ಈಗಾಗಲೇ ಏನು ತೆಗೆದುಕೊಳ್ಳುತ್ತಿದ್ದಾರೆ ಅಂತ ಕೇಳದೆ ಇದನ್ನು ಕೊಡುವುದು ತಪ್ಪು. ಮುಚ್ಚಿಟ್ಟು ಎರಡೂ ಕಡೆ ಔಷಧ ತೆಗೆದುಕೊಳ್ಳುವ ರೋಗಿಗಳು ಬಹಳ ಇದ್ದಾರೆ. ಅಲ್ಲಿ ಹೇಳಿದರೆ ಇವರು ಬೈತಾರೆ, ಇಲ್ಲಿ ಹೇಳಿದರೆ ಅವರು ಬೈತಾರೆ ಅನ್ನುವ ಹೆದರಿಕೆ. ಆ ಹೆದರಿಕೆ ಹೋಗಬೇಕಾದರೆ ಎರಡೂ ಕಡೆಯ ವೈದ್ಯರು ಬೈಯುವುದನ್ನು ಬಿಡಬೇಕು.

ಸಚಿವರೇ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಹೋಮಿಯೋಪತಿಯಲ್ಲಿ ಮನೋರೋಗ ವಿಷಯದ ಸ್ನಾತಕೋತ್ತರ ಪದವಿ ಪಡೆದವರನ್ನೂ ಮಾನಸಿಕ ಆರೋಗ್ಯ ವೃತ್ತಿಪರರು ಎಂದು ಒಪ್ಪಿದೆ. ಕಾನೂನು ಸ್ಥಾನ ಕೊಟ್ಟ ಮೇಲೆ ಜವಾಬ್ದಾರಿಯೂ ಬರಬೇಕಲ್ವಾ? ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 20 ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ಖಿನ್ನತೆ ಇರುವ 100 ಜನರಲ್ಲಿ ಸುಮಾರು 85 ಜನ ಚಿಕಿತ್ಸೆಯನ್ನೇ ಪಡೆದಿರುವುದಿಲ್ಲ. ಈ 85 ಜನರಲ್ಲಿ ಎಷ್ಟೋ ಮಂದಿ "ಹುಚ್ಚಿನ ಡಾಕ್ಟರ್" ಹತ್ತಿರ ಹೋಗಲು ಹಿಂಜರಿಯುತ್ತಾರೆ. ಹೋಮಿಯೋಪತಿ ಕ್ಲಿನಿಕ್‌ಗೆ ಹೋಗಲು ಯಾರಿಗೂ ನಾಚಿಕೆ ಇಲ್ಲ. ಅಲ್ಲಿ ಸಮಯವೂ ಇದೆ, ನಂಬಿಕೆಯೂ ಇದೆ. ಹಾಗಾದರೆ ಆ ಬಾಗಿಲಲ್ಲೇ ಕಾಯಿಲೆಯನ್ನು ಗುರುತಿಸುವ ಕೆಲಸ ಯಾಕೆ ಆಗಬಾರದು?

ಅದಕ್ಕೆ ಯಂತ್ರ ಬೇಡ. ಪಿ.ಎಚ್.ಕ್ಯೂ.-9 ಅನ್ನುವ ಒಂಬತ್ತು ಪ್ರಶ್ನೆಗಳ ಹಾಳೆ ಇದೆ, ಕಾಸು ಕೊಡಬೇಕಿಲ್ಲ. ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲವೇ, ನಿದ್ದೆ ಹೇಗಿದೆ, ಸುಸ್ತು ಎಷ್ಟು ಅಂತ ಕೇಳುತ್ತಾ ಹೋಗುತ್ತದೆ. ಕೊನೆಯದು ಸಾಯುವ, ತನಗೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಕನಸಿನ ಬಗ್ಗೆ, ಬೆವರಿನ ಬಗ್ಗೆ ಕೇಳುವ ವೈದ್ಯರು ಆ ಒಂಬತ್ತನೆಯ ಪ್ರಶ್ನೆಯನ್ನೂ ಬಾಯಿಬಿಟ್ಟು ಕೇಳಲಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಹೌದು ಅನ್ನುವ ಉತ್ತರ ಬಂದರೆ ಗುಳಿಗೆ ಕೊಟ್ಟು "ಹದಿನೈದು ದಿನ ಬಿಟ್ಟು ಬನ್ನಿ" ಅನ್ನದೆ, ಅವತ್ತೇ ಮನೆಯವರ ಜೊತೆ ಸರ್ಕಾರಿ ಆಸ್ಪತ್ರೆಗೆ ಕಳಿಸಬೇಕು. ಥೈರಾಯ್ಡ್ ಪರೀಕ್ಷೆಗೂ ಕಳಿಸಬೇಕು, ಅದು ಕಮ್ಮಿ ಆದರೂ ಮನಸ್ಸು ಕುಗ್ಗುತ್ತದೆ. ಒಂದು ಕಾಲಕ್ಕೆ ಅತಿಯಾದ ಉತ್ಸಾಹ, ಇನ್ನೊಂದು ಕಾಲಕ್ಕೆ ಕುಸಿತ ಇರುವವರು ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ನಿಲ್ಲಿಸುವ, ಬದಲಿಸುವ ಕೆಲಸಕ್ಕೆ ಕೈ ಹಾಕಲೇಬಾರದು.

ಸುತ್ತೋಲೆಯಲ್ಲಿ ಇವಿಷ್ಟು ಇರಲಿ. ಬೇರೆ ವೈದ್ಯರು ಕೊಟ್ಟ ಮನೋರೋಗದ ಮಾತ್ರೆಯನ್ನು ನಿಲ್ಲಿಸಲು, ಕಡಿಮೆ ಮಾಡಲು ಆಯುಷ್ ವೈದ್ಯರು ಹೇಳುವಂತಿಲ್ಲ. ಎರಡೂ ಚಿಕಿತ್ಸೆ ಒಂದೇ ಕಾರ್ಡಿನಲ್ಲಿ ದಾಖಲಾಗಲಿ, ಕೊಟ್ಟ ಗುಳಿಗೆಯ ಹೆಸರು ಮತ್ತು ಪೊಟೆನ್ಸಿ, ಅಂದರೆ 30, 200 ಅನ್ನುವ ಸಂಖ್ಯೆ, ಸಹಿತ. ಹೆಸರಿಲ್ಲದ ಬಿಳಿ ಡಬ್ಬಿಯಲ್ಲಿ ಕೊಟ್ಟು ಕಳಿಸುವುದು ನಿಲ್ಲಲಿ. "ಖಿನ್ನತೆ ಬೇರುಸಮೇತ ಗುಣ" ಅನ್ನುವ ಬೋರ್ಡು, ಕರಪತ್ರಗಳು ಇಳಿಯಲಿ. ಪ್ರತಿ ಕ್ಲಿನಿಕ್ಕಿನ ಗೋಡೆಯ ಮೇಲೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416 ದೊಡ್ಡದಾಗಿ ಕಾಣಲಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಉಚಿತ ಸೇವೆ ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಊರಿನಲ್ಲಿ ಹತ್ತು ಜನರನ್ನು ಕೇಳಿದರೆ ಒಬ್ಬರಿಗೂ ಈ ನಂಬರ್ ಗೊತ್ತಿಲ್ಲ.

ಇನ್ನು ನಿಮ್ಮದೇ ಇಲಾಖೆಯ ಮಾತು. ಜನರಿಗೆ ಬೇಕಾಗಿರುವುದು ಕೂತು ಕೇಳುವ ಕಿವಿ. ಅದನ್ನು ಕೊಡಲು ಡಾಕ್ಟರೇ ಬೇಕು ಅಂತಿಲ್ಲ. ಪಕ್ಕದ ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಅವರ ಜೊತೆಗಾರರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಮಾಡಿ ತೋರಿಸಿದರು. ವೈದ್ಯಕೀಯ ಓದದ ಸ್ಥಳೀಯರಿಗೇ ತರಬೇತಿ ಕೊಟ್ಟು, ಖಿನ್ನತೆ ಜೋರಾಗಿದ್ದವರ ಜೊತೆ ಆರರಿಂದ ಎಂಟು ಸಲ ಕೂತು ಮಾತಾಡಲು ಕಳಿಸಿದರು. ಬಿಟ್ಟುಹೋದ ದಿನಚರಿಯನ್ನು ಒಂದೊಂದಾಗಿ ಮತ್ತೆ ಹಿಡಿಯುವುದು ಹೇಗೆ ಅನ್ನುವುದೇ ಆ ಮಾತಿನ ತಿರುಳು. ನಾಳೆ ಬೆಳಿಗ್ಗೆ ಎದ್ದು ಸ್ನಾನ, ನಾಡಿದ್ದು ಪಕ್ಕದ ಮನೆಯವರ ಜೊತೆ ಸಂತೆಗೆ. ಒಟ್ಟು 495 ಜನರ ಆ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮೂರು ತಿಂಗಳಿಗೆ, ಮಾತುಕತೆ ಸಿಕ್ಕ 100 ಜನರಲ್ಲಿ 64 ಜನ ಕಾಯಿಲೆಯಿಂದ ಹೊರಗೆ ಬಂದಿದ್ದರು. ಮಾಮೂಲಿ ಆರೈಕೆ ಮಾತ್ರ ಸಿಕ್ಕವರಲ್ಲಿ 39 ಜನ.

ನಮ್ಮ ರಾಜ್ಯ ಇದರಲ್ಲಿ ಹಿಂದೆ ಇದ್ದದ್ದೇ ಅಲ್ಲ. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆ ಹೇಗಿರಬೇಕು ಅಂತ ದೇಶಕ್ಕೆ ಮಾದರಿ ಕೊಟ್ಟದ್ದು 1980ರ ದಶಕದ ಬಳ್ಳಾರಿ. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ 2014ರಲ್ಲಿ ಶುರುವಾಯಿತು. ಆ ಅಂಗನವಾಡಿ ಕಾರ್ಯಕರ್ತೆಗೆ ಕಾಯಿಲೆ ಏನು ಅಂತ ಮೊದಲು ಗೊತ್ತಾದದ್ದು ಅಲ್ಲೇ. ಇನ್ನು ಅಲ್ಲಿಗೆ ಬೇಕಾಗಿರುವುದು ಒಬ್ಬ ಆಪ್ತಸಮಾಲೋಚಕಿ, ಬಾಗಿಲು ಮುಚ್ಚಿಕೊಳ್ಳುವ ಒಂದು ಕೋಣೆ, ಮತ್ತು ಒಂದು ತಿಂಗಳಿಗೆ ಸಾಲುವಷ್ಟು ಮಾತ್ರೆಯ ದಾಸ್ತಾನು. "ಸ್ಟಾಕ್ ಇಲ್ಲ, ಹೊರಗಡೆ ತಗೊಳ್ಳಿ" ಅನ್ನುವ ಚೀಟಿ ನನ್ನ ಅಂಗಡಿಗೆ ಬಂದರೆ ನನಗೆ ವ್ಯಾಪಾರ ಆಗುತ್ತದೆ ನಿಜ. ಆ ಚೀಟಿ ತಂದವರು ಕೂಲಿ ತಪ್ಪಿಸಿಕೊಂಡು, ಬಸ್ ಚಾರ್ಜು ಕೊಟ್ಟು ಬಂದಿರುತ್ತಾರೆ. ಮುಂದಿನ ತಿಂಗಳು ಅವರು ಬರುವುದಿಲ್ಲ.

ಸುತ್ತೋಲೆ ಕನ್ನಡದಲ್ಲಿರಲಿ. ಸರ್ಕಾರಿ ಆಯುಷ್ ಆಸ್ಪತ್ರೆಗಳ ಜೊತೆಗೆ ಖಾಸಗಿ ಹೋಮಿಯೋಪತಿ ಕ್ಲಿನಿಕ್‌ಗಳಿಗೂ, ಹೋಮಿಯೋಪತಿ ಕಾಲೇಜುಗಳಿಗೂ ಹೋಗಲಿ. ಒಂದೊಂದು ಪ್ರತಿ ಮೆಡಿಕಲ್ ಶಾಪ್‌ಗಳಿಗೂ ಕಳಿಸಿ. ನಾವು ಅದನ್ನು ಕೌಂಟರಿನ ಮುಂದೆ, ಚೀಟಿ ಹಿಡಿದು ನಿಂತವರ ಕಣ್ಣಿಗೆ ಬೀಳುವ ಕಡೆ ಅಂಟಿಸುತ್ತೇವೆ.

ಇತಿ,
ತಾಲ್ಲೂಕು ಕೇಂದ್ರದ ಒಬ್ಬ ಔಷಧ ವ್ಯಾಪಾರಿ